ಖಾಲಿ ಡಬ್ಬಿಯ ಲೆಕ್ಕ

ರಾತ್ರಿ ಹತ್ತೂವರೆ ದಾಟಿತ್ತು. ಅಮೆರಿಕದ ತಂಡದ ಜೊತೆ ಕಾಲ್ ಮುಗಿಸಿ ಲ್ಯಾಪ್‌ಟಾಪ್ ಮುಚ್ಚುತ್ತಿದ್ದಾಗ ಫೋನ್ ಬಂತು. ಊರಾಚೆಯ ಒಂದು ಮದುವೆ ಮಂಟಪದಿಂದ. "ಕಾನಡಿ ಭಾವೂ, ಎರಡು ದೊಡ್ಡ ಪಾತ್ರೆ ಅನ್ನ ಉಳಿದಿದೆ. ವರಣ ಇದೆ, ಬಟಾಟೆ ಭಾಜಿ ಇದೆ, ಜಿಲೇಬಿಯಂತೂ ಕೇಳಲೇಬೇಡಿ. ಅರ್ಧ ಗಂಟೆಯಲ್ಲಿ ಬಂದರೆ ನಿಮ್ಮದು, ಇಲ್ಲದಿದ್ದರೆ ಗುಂಡಿಗೆ."

ನನಗೆ ಆಗ ಆದ ಖುಷಿಯನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ. ಪಕ್ಕದ ಮನೆಯವರ ದ್ರಾಕ್ಷಿ ಸಾಗಿಸುವ ಪಿಕಪ್ ತೆಗೆದುಕೊಂಡು ಹೋದೆ. ಪಾತ್ರೆಗಳನ್ನು ತಂದು ನಮ್ಮ ಮನೆಯ ಪಡಸಾಲೆಯಲ್ಲಿ ಸಾಲಾಗಿ ಇಟ್ಟಾಗ ಹನ್ನೆರಡಾಗಿತ್ತು. ಆ ಹೊತ್ತಿನಲ್ಲಿ ಯಾವ ಅಜ್ಜಿಯ ಬಾಗಿಲು ತಟ್ಟುವುದು? ಬೆಳಗ್ಗೆ ಆರಕ್ಕೆ ಎದ್ದು ಹೆಂಡತಿ, ನಾನು ಎಲ್ಲವನ್ನೂ ಮತ್ತೆ ಕುದಿಯುವ ಹಾಗೆ ಬಿಸಿ ಮಾಡಿ, ಎಂಟರೊಳಗೆ ಒಂಬತ್ತು ಮನೆಗೆ ಹಂಚಿ ಬಂದೆವು. ಒಂದೇ ಬೆಳಗ್ಗೆ ಒಂಬತ್ತು ಜನ ವೃದ್ಧರಿಗೆ ಊಟ! ವಾಟ್ಸ್ಯಾಪ್‌ನಲ್ಲಿ ಗೆಳೆಯರು ಕಳಿಸಿದ ಚಪ್ಪಾಳೆಗಳನ್ನು ಎಣಿಸುತ್ತ ಕೂತಿದ್ದೆ.

ಮರುದಿನ ಮಧ್ಯಾಹ್ನ ಅವರಲ್ಲೊಬ್ಬ ಆಜಿಯನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ವಾಂತಿ, ಭೇದಿ, ಎದ್ದು ಕೂರಲೂ ತ್ರಾಣವಿಲ್ಲ. ಎಪ್ಪತ್ತೆಂಟು ವರ್ಷ, ಮೂವತ್ತೆಂಟು ಕಿಲೋ ಮೈ. ನಾವು ಕೊಟ್ಟದ್ದರಲ್ಲಿ ಅರ್ಧ ಉಂಡು ಅರ್ಧ ರಾತ್ರಿಗೆಂದು ಮುಚ್ಚಿಟ್ಟಿದ್ದರಂತೆ. ಮೂರು ದಿನ ಸಲೈನ್ ಏರಿತು. ನಾನು ಮಂಚದ ಪಕ್ಕ ನಿಂತರೆ ಆಜಿ ನನ್ನ ಕೈ ಹಿಡಿದು, "ನಿನ್ನ ಅನ್ನ ಚೆನ್ನಾಗಿತ್ತು ಬಾಳಾ, ನನ್ನ ಹೊಟ್ಟೆಯೇ ಕೆಟ್ಟದ್ದು" ಅಂದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಆಮೇಲೆ ಓದಿ ತಿಳಿದುಕೊಂಡೆ, ಮೊದಲೇ ಓದಬೇಕಿತ್ತು. ಬೇಯಿಸಿದ ಅಡುಗೆಯನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬಾರದು, ಬಿಸಿಯಾಗಿಯೇ ಇಡುವುದಾದರೆ 60 ಡಿಗ್ರಿಗಿಂತ ಮೇಲೆ ಇರಬೇಕು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಪಾಠ. ಅದರಲ್ಲೂ ಅನ್ನದ ವಿಷಯ ಬೇರೆ. ಅದರಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣು ಬಿಟ್ಟುಹೋಗುವ ಒಂದು ಬಗೆಯ ವಿಷ, ಎಷ್ಟು ಕುದಿಸಿದರೂ ಹೋಗುವುದಿಲ್ಲ. ಸಂಜೆ ಆರಕ್ಕೆ ಬೆಂದ ಅನ್ನ ಮಂಟಪದಲ್ಲೇ ನಾಲ್ಕೂವರೆ ಗಂಟೆ ಕಳೆದಿತ್ತು. ನಾನು ಅದನ್ನು ಉಳಿಸಿದೆ ಅಂದುಕೊಂಡಿದ್ದೆ. ಅದು ನನ್ನ ಕೈಗೆ ಬರುವ ಹೊತ್ತಿಗೇ ಕೆಟ್ಟಿತ್ತು.

ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ನಾನು ಗದಗದವನು. ಕಂಪ್ಯೂಟರ್ ಸೈನ್ಸ್‌ನಲ್ಲಿ ಎಂ.ಟೆಕ್., ಬೆಂಗಳೂರಿನಲ್ಲಿ ಹನ್ನೊಂದು ವರ್ಷ ಕೆಲಸ. ಹೆಂಡತಿ ಬ್ಯಾಂಕಿನಲ್ಲಿದ್ದಾಳೆ, ಕೋವಿಡ್ ನಂತರ ಅವಳಿಗೆ ನಿಫಾಡ್ ಶಾಖೆಗೆ ವರ್ಗವಾಯಿತು. ನನ್ನದು ಮನೆಯಿಂದಲೇ ಕೆಲಸವಾದ್ದರಿಂದ ಗಂಟುಮೂಟೆ ಕಟ್ಟಿ ಹಿಂದೆ ಬಂದೆ. ನಾಶಿಕ್ ಜಿಲ್ಲೆಯ ಈ ತಾಲೂಕು ಊರು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರಲಿಕ್ಕಿಲ್ಲ. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ 1842ರಲ್ಲಿ ಹುಟ್ಟಿದ್ದು ಇಲ್ಲೇ. ಈರುಳ್ಳಿಯ ದರ ಏರಿದಾಗೆಲ್ಲ ಟಿ.ವಿ.ಯಲ್ಲಿ ಬರುವ ಲಾಸಲ್‌ಗಾಂವ್ ಮಾರುಕಟ್ಟೆ ಇದೇ ತಾಲೂಕಿನದು. ಸುತ್ತ ಎತ್ತ ನೋಡಿದರೂ ದ್ರಾಕ್ಷಿ ಚಪ್ಪರ. ಪೇಪರಿನಲ್ಲಿ "ರಾಜ್ಯದಲ್ಲೇ ಅತಿ ಕಡಿಮೆ ತಾಪಮಾನ" ಎಂದು ಚಳಿಗಾಲದಲ್ಲಿ ಬರುವ ಹೆಸರೂ ಹಲವು ಸಲ ನಿಫಾಡಿನದೇ.

ಇಂಥ ಊರಲ್ಲಿ ಹೊಟ್ಟೆಗಿಲ್ಲದವರು ಇದ್ದಾರೆಂದು ನಾನೂ ಅಂದುಕೊಂಡಿರಲಿಲ್ಲ. ಕಣ್ಣು ತೆರೆಸಿದವಳು ಹೆಂಡತಿ. ತಿಂಗಳ ಮೊದಲ ವಾರದಲ್ಲಿ ಅವಳ ಕೌಂಟರಿನ ಮುಂದೆ ಮುದುಕರ ಸಾಲು. ಶ್ರಾವಣಬಾಳ ಯೋಜನೆಯ ಪಿಂಚಣಿ, ತಿಂಗಳಿಗೆ 1500 ರೂಪಾಯಿ. ಹೆಬ್ಬೆಟ್ಟಿನ ಗೆರೆಗಳು ಸವೆದು ಮಷೀನು ಗುರುತು ಹಿಡಿಯದೆ, ಒಬ್ಬೊಬ್ಬರು ನಾಲ್ಕು ನಾಲ್ಕು ಸಲ ಒತ್ತುತ್ತ ನಿಲ್ಲುತ್ತಾರೆ. ಹಾಗೆ ನಿಂತ ಆಜಿಯೊಬ್ಬರು ಒಂದು ದಿನ ತಲೆ ತಿರುಗಿ ಕೂತರಂತೆ. ನೀರು ಕೊಟ್ಟು ಕೇಳಿದರೆ, ನಿನ್ನೆ ಮಧ್ಯಾಹ್ನದಿಂದ ಚಹಾ ಬಿಟ್ಟರೆ ಏನೂ ಇಲ್ಲ. "ರೇಷನ್ ಸಿಗೋದಿಲ್ವಾ ಮಾವಶಿ?" "ಸಿಗತ್ತೆ ಮುಲೀ. ಮನೆ ತುಂಬ ಗೋಧಿ ಇದೆ."

ಮನೆ ತುಂಬ ಗೋಧಿ ಇದೆ, ಹೊಟ್ಟೆಗಿಲ್ಲ. ಈ ಒಗಟು ಬಿಡಿಸಲು ನನಗೆ ಎರಡು ತಿಂಗಳು ಬೇಕಾಯಿತು. ಗೋಧಿ ಬೀಸಿಸಲು ಗಿರಣಿಗೆ ಹೊತ್ತುಕೊಂಡು ಹೋಗಬೇಕು. ಗ್ಯಾಸ್ ಸಿಲಿಂಡರ್ ತುಂಬಿಸಲು ದುಡ್ಡಿಲ್ಲ, ಸೌದೆ ಒಲೆಗೆ ಮಂಡಿ ಬಾಗುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಒಬ್ಬರಿಗೋಸ್ಕರ ಒಲೆ ಹಚ್ಚಲು ಮನಸ್ಸೇ ಬರುವುದಿಲ್ಲ. ಮಕ್ಕಳು ನಾಶಿಕ್ಕಿನ ಸಾತ್ಪುರ, ಅಂಬಡ್ ಕಾರ್ಖಾನೆಗಳಿಗೆ, ಪುಣೆಗೆ ಹೋಗಿದ್ದಾರೆ. ದುಡ್ಡು ಕಳಿಸುವವರೂ ಇದ್ದಾರೆ. ಮಹಾರಾಷ್ಟ್ರ ಸರ್ಕಾರ 2020ರ ಜನವರಿ 26ರಂದು ಶುರು ಮಾಡಿದ ಶಿವಭೋಜನ ಥಾಳಿ ಹತ್ತು ರೂಪಾಯಿಗೆ ಎರಡು ಚಪಾತಿ, ಪಲ್ಯ, ವರಣ, ಅನ್ನ ಕೊಡುತ್ತದೆ. ಒಳ್ಳೆಯ ಯೋಜನೆ. ಆದರೆ ಕೇಂದ್ರದವರೆಗೆ ನಡೆದು ಹೋಗಬಲ್ಲವರಿಗೆ. ಊರಿಂದ ಮೂರು ಕಿಲೋಮೀಟರ್ ದೂರದ ಮಳಾದಲ್ಲಿ (ಇಲ್ಲಿ ತೋಟದ ಮನೆಗೆ ಹಾಗನ್ನುತ್ತಾರೆ) ಕೋಲೂರಿ ಬಚ್ಚಲಿಗೆ ಹೋಗುವವರಿಗೆ ಹತ್ತು ರೂಪಾಯಿಯ ಊಟವೂ ದೂರದ್ದೇ.

ಇಲ್ಲಿ ಉಳಿದ ಅಡುಗೆ, ಅಲ್ಲಿ ಹಸಿದ ಮುದುಕರು, ನಡುವೆ ಒಂದು ದಾರಿ. ನನ್ನಂಥ ಇಂಜಿನಿಯರ್‌ಗೆ ಇದಕ್ಕಿಂತ ಸುಲಭದ ಲೆಕ್ಕ ಉಂಟೆ? ಎಂ.ಟೆಕ್.ನಲ್ಲಿ ಓದಿದ್ದೆ: ಡ್ಯಾಂಟ್ಜಿಗ್ ಮತ್ತು ರಾಮ್ಸರ್ ಎಂಬಿಬ್ಬರು 1959ರಲ್ಲಿ ಪೆಟ್ರೋಲ್ ಲಾರಿಗಳು ಬಂಕುಗಳಿಗೆ ಯಾವ ದಾರಿಯಲ್ಲಿ ಹೋದರೆ ಕಡಿಮೆ ಸುತ್ತು ಎಂಬ ಲೆಕ್ಕ ಹಾಕಿ ಪ್ರಬಂಧ ಬರೆದರು. ಇಂದಿನ ಡೆಲಿವರಿ ಕಂಪನಿಗಳೆಲ್ಲ ಆ ಲೆಕ್ಕದ ಮಕ್ಕಳು ಮೊಮ್ಮಕ್ಕಳು. ಮೂರು ವಾರಾಂತ್ಯ ಕೂತು ಒಂದು ಆ್ಯಪ್ ಬರೆದೆ. ಉಳಿದ ಅಡುಗೆ ಇರುವವರು ಒತ್ತಿದರೆ ಹತ್ತಿರದ ಸ್ವಯಂಸೇವಕನಿಗೆ ಸಂದೇಶ, ದಾರಿಯ ನಕ್ಷೆ, ಎಲ್ಲ. ಹಾಕಿಕೊಂಡವರು ನಾಲ್ಕು ಜನ, ಅದರಲ್ಲಿ ಒಬ್ಬ ನಾನು, ಒಬ್ಬಳು ನನ್ನ ಹೆಂಡತಿ.

ಆ್ಯಪ್ ಸೋತದ್ದು ನನಗೆ ದೊಡ್ಡದಲ್ಲ; ಕಸುಬಿನಲ್ಲಿ ಅದು ರೂಢಿ. ಆಜಿ ಆಸ್ಪತ್ರೆ ಸೇರಿದ ಮೇಲೆ ತಿಳಿದದ್ದು, ಲೆಕ್ಕವನ್ನೇ ನಾನು ತಪ್ಪು ತುದಿಯಿಂದ ಹಿಡಿದಿದ್ದೆ ಎಂದು. ಪೆಟ್ರೋಲ್ ಹಳಸುವುದಿಲ್ಲ. ಬಂಕಿಗೆ ಹಲ್ಲು ಬಿದ್ದಿರುವುದಿಲ್ಲ, ಸಕ್ಕರೆ ಕಾಯಿಲೆ ಇರುವುದಿಲ್ಲ, ಅದು ಸಂಜೆ ಏಳಕ್ಕೇ ಮಲಗುವುದಿಲ್ಲ. ಮದುವೆಯ ಊಟ ಮುಹೂರ್ತವಿದ್ದ ದಿನ ಗುಡ್ಡದಷ್ಟು ಉಳಿಯುತ್ತದೆ, ಉಳಿದ ದಿನ ಒಂದು ಅಗುಳೂ ಇಲ್ಲ. ಉಳಿಯುವುದು ರಾತ್ರಿ ಹತ್ತರ ಮೇಲೆ. ಉಳಿಯುವುದೇನು? ಕರಿದದ್ದು, ಸಿಹಿಯಾದದ್ದು, ಖಾರದ್ದು. ಮುದುಕರಿಗೆ ಬೇಕಾದದ್ದು ಸ್ವಲ್ಪ, ಮೆತ್ತಗೆ, ಹೊತ್ತಿಗೆ ಸರಿಯಾಗಿ, ಮತ್ತು ಪ್ರತಿದಿನ. ಈ ಎರಡನ್ನು ಯಾವ ನಕ್ಷೆ ಜೋಡಿಸೀತು?

ಆ ದಿನಗಳಲ್ಲಿ ನಮ್ಮ ಪಕ್ಕದ ಛತ್ರಪತಿ ಸಂಭಾಜಿನಗರದ ರೋಟಿ ಬ್ಯಾಂಕಿನ ಬಗ್ಗೆ ಓದಿದೆ. ಆ ಊರಿಗೆ ಔರಂಗಾಬಾದ್ ಎಂಬ ಹೆಸರಿದ್ದಾಗ, 2015ರ ಡಿಸೆಂಬರಿನಲ್ಲಿ, ಯೂಸುಫ್ ಮುಕಾತಿ ಎಂಬವರು ಬೈಜಿಪುರ ಬಡಾವಣೆಯಲ್ಲಿ ಅದನ್ನು ತೆರೆದರು. ಸದಸ್ಯರಾದ ಮನೆಯವರು ಅಂದೇ ಮಾಡಿದ ಕನಿಷ್ಠ ಎರಡು ರೊಟ್ಟಿ, ಜೊತೆಗೊಂದು ಪಲ್ಯ ತಂದು ಕೊಡಬೇಕು. ಪ್ರತಿ ಸದಸ್ಯರಿಗೂ ಒಂದು ಸಂಖ್ಯೆ. ಯಾವ ಪೊಟ್ಟಣ ಯಾವ ಮನೆಯದೆಂದು ಗೊತ್ತಾಗುತ್ತದೆ. ಹಳಸಲು ತೆಗೆದುಕೊಳ್ಳುವುದಿಲ್ಲ. ಬೇಕಾದವರು ಬಂದು ಒಯ್ಯುತ್ತಾರೆ, ಜಾತಿ ಧರ್ಮ ಕೇಳುವುದಿಲ್ಲ. ಅಲ್ಲಿ ಹೆಚ್ಚುವರಿ ಅನ್ನುವುದು ಊಟವಾದ ಮೇಲೆ ಉಳಿದದ್ದಲ್ಲ, ಒಲೆಯ ಮೇಲಿದ್ದಾಗಲೇ ಎತ್ತಿಟ್ಟದ್ದು.

ಓದಿದಾಗ ನೆನಪಾದದ್ದು ನಮ್ಮಜ್ಜ. ಅವರು ಧಾರವಾಡದಲ್ಲಿ ಮ್ಯಾಟ್ರಿಕ್ ಓದಿದ್ದು ವಾರಾನ್ನದಲ್ಲಿ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ಮನೆ. ಗುರುವಾರದ ಮನೆಯಲ್ಲಿ ತುಪ್ಪ ಬಡಿಸುತ್ತಿದ್ದರು, ಶನಿವಾರದ ಮನೆಯಲ್ಲಿ ಬೈಗುಳವೂ ಸೇರಿ ಊಟ ಎಂದು ಸಾಯುವ ತನಕ ಹೇಳುತ್ತಿದ್ದರು. ಯಾವ ಮನೆಗೂ ಹೊರೆಯಾಗದಂತೆ ಒಬ್ಬ ಹುಡುಗನ ಹೊಟ್ಟೆಯನ್ನು ಏಳು ಭಾಗ ಮಾಡಿ ಹಂಚಿದ ಆ ಏರ್ಪಾಟು ಮಾಡಿದವರು ಯಾವ ಎಂ.ಟೆಕ್. ಓದಿದ್ದರು? ಅಜ್ಜ ಮನೆಗೆ ಹೋಗುತ್ತಿದ್ದರು. ಇಲ್ಲಿ ಡಬ್ಬಿ ಮನೆಯಿಂದ ಹೋಗಬೇಕು. ಅಷ್ಟೇ ವ್ಯತ್ಯಾಸ.

ಒಬ್ಬ ವೃದ್ಧರಿಗೆ ಏಳು ಮನೆ, ಒಂದೊಂದು ಮನೆಗೆ ವಾರಕ್ಕೊಂದು ದಿನ. ಬೆಳಗ್ಗೆ ಹೇಗೂ ಮಕ್ಕಳ ಡಬ್ಬಿಗೆ, ಗಂಡನ ಡಬ್ಬಿಗೆ ಚಪಾತಿ ಭಾಜಿ ಆಗುತ್ತದೆ. ಇನ್ನೊಂದು ಡಬ್ಬಿ ತುಂಬಿ. ಈ ಮಾತಿಗೆ ನಮ್ಮ ಗಲ್ಲಿಯಲ್ಲಿ ಇಲ್ಲ ಎಂದವರು ಕಡಿಮೆ. ದಿನವೂ ಕೊಡಿ ಎಂದಾಗ ಹಿಂದೆ ಸರಿದವರೇ ವಾರಕ್ಕೊಂದು ದಿನ ಎಂದಾಗ ಒಪ್ಪಿದರು.

ಒಯ್ಯುವವರು ಯಾರು ಎನ್ನುವುದೇ ದೊಡ್ಡ ಪ್ರಶ್ನೆಯಾಗಿತ್ತು. ಅದಕ್ಕೆ ಉತ್ತರ ಡೇರಿಯ ಮುಂದೆ ನಿಂತಾಗ ಸಿಕ್ಕಿತು. ಮಳಾಗಳಿಂದ ಹಾಲಿನ ಕ್ಯಾನು ಕಟ್ಟಿಕೊಂಡು ಬೆಳಗ್ಗೆ ಊರಿಗೆ ಬರುವ ಬೈಕಿನವರು ಹಾಲು ಸುರಿದು ಒಂಬತ್ತರ ಸುಮಾರಿಗೆ ಅದೇ ದಾರಿಯಲ್ಲಿ ಖಾಲಿ ಕ್ಯಾನಿನೊಂದಿಗೆ ವಾಪಸು ಹೋಗುತ್ತಾರೆ. ಯಾವ ತಿರುವಿನಲ್ಲಿ ಯಾರ ಮನೆ, ಯಾವ ನಾಯಿ ಕಚ್ಚುತ್ತದೆ, ಯಾವ ಮುದುಕನಿಗೆ ಕಿವಿ ಕೇಳಿಸುವುದಿಲ್ಲ, ಎಲ್ಲ ಬಲ್ಲವರು. ಒಂದು ಕ್ಯಾನಿನ ಪಕ್ಕಕ್ಕೆ ಚೀಲ ಕಟ್ಟಿದರೆ ಮೂರು ಡಬ್ಬಿ ಹಿಡಿಸುತ್ತವೆ. ಸಂಬಳ ಕೇಳಲಿಲ್ಲ, ಮಳೆಗಾಲಕ್ಕೊಂದು ರೇನ್‌ಕೋಟು ಕೇಳಿದರು, ಕೊಡಿಸಿದೆವು. ಒಂಬತ್ತೂವರೆ ಹತ್ತಕ್ಕೆ ಡಬ್ಬಿ ಮುಟ್ಟುತ್ತದೆ. ಹಳ್ಳಿಯ ಮುದುಕರ ಮೊದಲ ಊಟದ ಹೊತ್ತೂ ಅದೇ. ನನ್ನ ಆ್ಯಪ್ ಮಾಡದ ಕೆಲಸವನ್ನು ಈಗ ಡೇರಿಯ ಗೋಡೆಯ ಮೇಲಿನ ಕರಿಹಲಗೆ ಮಾಡುತ್ತಿದೆ.

ಇನ್ನು ಡಬ್ಬಿಯ ವಿಷಯ. ಒಬ್ಬರಿಗೆ ಎರಡು ಸ್ಟೀಲ್ ಡಬ್ಬಿ, ಒಂದು ಅಲ್ಲಿದ್ದಾಗ ಇನ್ನೊಂದು ಇಲ್ಲಿ. ಮುಚ್ಚಳದ ಮೇಲೆ ಹೆಂಡತಿಯ ಉಗುರಿನ ಬಣ್ಣದಲ್ಲಿ ಸಂಖ್ಯೆ. ಮುಂಬಯಿಯ ಡಬ್ಬಾವಾಲಾಗಳಿಂದ ಕಡ ತಂದ ಬುದ್ಧಿ. ಮೇಲಿನ ಖಾನೆಯಲ್ಲಿ ಆಗಲೇ ಉಣ್ಣಬೇಕಾದದ್ದು: ವರಣದಲ್ಲಿ ನೆನೆಸಿದ ಚಪಾತಿ, ಮೆತ್ತಗಿನ ಖಿಚಡಿ. ಕೆಳಗಿನ ಖಾನೆಯಲ್ಲಿ ರಾತ್ರಿಗೆ: ಬಾಜರಿ ಭಾಕರಿ, ಒಣ ಚಟ್ನಿ, ಬೆಲ್ಲದ ಚೂರು. ರಾತ್ರಿಯ ಖಾನೆಗೆ ಅನ್ನ ಬೇಡವೇ ಬೇಡ. ಮೊದಲು "ಉಳಿಸಬೇಡಿ ಆಜಿ, ಉಳಿದರೆ ಚೆಲ್ಲಿ" ಎಂದು ಹೇಳಿ ನೋಡಿದ್ದೆವು. ಬರಗಾಲ ಕಂಡ ಕೈಗಳು ಅನ್ನ ಚೆಲ್ಲುತ್ತವೆಯೇ? ಉಳಿಸುವುದು ಅವರ ಸ್ವಭಾವ. ಹಾಗಾದರೆ ಉಳಿಯುವಂಥದ್ದನ್ನೇ ಕೊಡಬೇಕು. ಜನವರಿಯಲ್ಲಿ ಮಾತ್ರ ಏನು ಮಾಡಿದರೂ ತಣ್ಣಗೆ. ಇಲ್ಲಿನ ಚಳಿಯಲ್ಲಿ ದ್ರಾಕ್ಷಿ ಬಿರಿಯದಿರಲೆಂದು ರೈತರು ತೋಟದಲ್ಲಿ ಬೆಂಕಿ ಹಾಕುತ್ತಾರೆ. ಬೈಕಿನ ಮೇಲೆ ಡಬ್ಬಿ ಇಪ್ಪತ್ತು ನಿಮಿಷದಲ್ಲಿ ಕಲ್ಲು. ಹಳೆಯ ಸ್ವೆಟರಿನ ತೋಳು ಕತ್ತರಿಸಿ ಡಬ್ಬಿಗೆ ತೊಡಿಸಿದ್ದೇವೆ. ಚೆಂದವೇನಿಲ್ಲ, ಪರವಾಗಿಲ್ಲ.

ಖಾಲಿ ಡಬ್ಬಿ ಹೊಸಿಲಾಚೆ ಇಡಬೇಕು, ಹಾಲಿನವನು ಮರುದಿನ ಬೆಳಗ್ಗೆ ಊರಿಗೆ ಬರುವಾಗ ತರುತ್ತಾನೆ. ಈ ಖಾಲಿ ಡಬ್ಬಿಯಲ್ಲಿ ಎಷ್ಟು ಸುದ್ದಿ ಇರುತ್ತದೆಂದು ನನಗೆ ಮೊದಲು ಹೊಳೆದಿರಲಿಲ್ಲ. ಎರಡು ದಿನ ಭಾಕರಿ ಹಾಗೇ ಬಂತೆಂದರೆ ಹಲ್ಲಿಗೋ ಒಸಡಿಗೋ ನೋವು. ಬೆಲ್ಲ ಮುಟ್ಟಿಲ್ಲವೆಂದರೆ ಡಾಕ್ಟರು ಏನೋ ಹೇಳಿದ್ದಾರೆ. ಒಂದು ಬೆಳಗ್ಗೆ ಏಳನೇ ನಂಬರಿನ ಡಬ್ಬಿ ಹೊಸಿಲಾಚೆ ಇರಲಿಲ್ಲ. ಹಾಲಿನವನು ಕೂಗಿದ, ಉತ್ತರವಿಲ್ಲ. ಬಾಗಿಲು ನೂಕಿ ಒಳಗೆ ಹೋದರೆ ಆಜಿ ಬಚ್ಚಲಲ್ಲಿ ಬಿದ್ದಿದ್ದರು, ರಾತ್ರಿಯಿಂದ. ಸೊಂಟದ ಮೂಳೆ. ಈಗ ಮಗಳ ಮನೆಯಲ್ಲಿದ್ದಾರೆ, ವಾಕರ್ ಹಿಡಿದು ನಡೆಯುತ್ತಾರೆ.

ಖಾಲಿ ಡಬ್ಬಿಯಿಂದಲೇ ಒಂದು ತೊಡಕೂ ಬಂತು. ನಮ್ಮಲ್ಲಿ ಹೇಗೋ ಇಲ್ಲೂ ಹಾಗೆಯೇ, ಕೊಟ್ಟವರ ಪಾತ್ರೆ ಬರಿದಾಗಿ ಹಿಂತಿರುಗಿಸಬಾರದು. ಕೆಲವು ಡಬ್ಬಿಗಳಲ್ಲಿ ನಾಲ್ಕು ಕರಿಬೇವಿನೆಲೆ, ಹಿಡಿ ಶೇಂಗಾ, ಉದುರಿದ ದ್ರಾಕ್ಷಿ ಬರತೊಡಗಿದವು. ಡಬ್ಬಿ ತುಂಬಿದ ಮನೆಯವರಿಗೆ ಖುಷಿ. ಆದರೆ ಒಬ್ಬ ಆಜೋಬಾ ಮೂರನೇ ವಾರಕ್ಕೆ ಡಬ್ಬಿ ಬೇಡವೆಂದರು. ಕಾರಣ ಹೇಳಲಿಲ್ಲ. ಹಾಲಿನವನೇ ನಾಲ್ಕು ದಿನ ಬಿಟ್ಟು ಹೇಳಿದ: "ಅವರ ಮನೆಯಲ್ಲಿ ಹಾಕಿ ಕಳಿಸಲು ಏನೂ ಇಲ್ಲ ದಾದಾ. ಬರೀ ಡಬ್ಬಿ ಇಡಲು ಅವರಿಗೆ ಆಗುವುದಿಲ್ಲ."

ಹೋಗಿ ಕೂತೆ. ಕಾರ್ಖಾನೆಯೊಂದರಲ್ಲಿ ಟೈಮ್‌ಕೀಪರ್ ಆಗಿದ್ದವರು, ಮುತ್ತು ಪೋಣಿಸಿದಂಥ ಅಕ್ಷರ. ಊಟದ ಮಾತೆತ್ತಲಿಲ್ಲ. ನಮ್ಮ ಲೆಕ್ಕ ಪೂರ್ತಿ ಗೊಂದಲವಾಗಿದೆ, ಯಾವ ಮನೆ ಯಾವ ದಿನ ಎಂದು ಬರೆದಿಡುವವರಿಲ್ಲ ಎಂದೆ. ಅದು ಸುಳ್ಳೂ ಆಗಿರಲಿಲ್ಲ. ಹೆಚ್ಚುವರಿ ಆಹಾರ ಹಂಚುವ ಸಂಸ್ಥೆಗಳಿಗೆಂದು ಎಫ್‌ಎಸ್‌ಎಸ್‌ಎಐ 2019ರಲ್ಲಿ ನಿಯಮಗಳನ್ನು ತಂದಿದೆ: ಏನು ಅಡುಗೆ, ಎಲ್ಲಿಂದ ಬಂತು, ಯಾವತ್ತು ಮಾಡಿದ್ದು, ದಾಖಲೆ ಇರಬೇಕು. ನಾವು ಸಂಸ್ಥೆಯಲ್ಲ, ನೆರೆಹೊರೆಯಷ್ಟೇ. ಆದರೂ ಒಬ್ಬರನ್ನು ಆಸ್ಪತ್ರೆಗೆ ಕಳಿಸಿದ ಮೇಲೆ ಬರೆದಿಡದೆ ಇರುವುದು ಹೇಗೆ? ಆಜೋಬಾ ಕನ್ನಡಕ ಹಾಕಿಕೊಂಡು ನನ್ನ ಎಕ್ಸೆಲ್ ಪ್ರಿಂಟನ್ನು ಎರಡು ನಿಮಿಷ ನೋಡಿ, "ಇದು ಯಾರು ಮಾಡಿದ್ದು?" ಎಂದರು. ನಾನೇ ಎಂದೆ. "ಹಾಗನ್ನಿಸಿತು" ಎಂದರು.

ಅಂದಿನಿಂದ ರಿಜಿಸ್ಟರ್ ಅವರದು. ಅಡುಗೆ ಇಳಿದ ಹೊತ್ತು, ಡಬ್ಬಿ ಮುಟ್ಟಿದ ಹೊತ್ತು, ಮರಳಿ ಬಂದಾಗ ಉಳಿದದ್ದೇನು, ಮೂರೂ ಕಾಲಮ್ಮು ತುಂಬಿರಬೇಕು. ಒಮ್ಮೆ ನಮ್ಮದೇ ಮನೆಯ ಡಬ್ಬಿ ಹದಿನೈದು ನಿಮಿಷ ತಡವಾದದ್ದಕ್ಕೆ ಕೆಂಪು ಶಾಯಿ ಬಿದ್ದಿತ್ತು. ಕಳೆದ ಮಳೆಗಾಲದಲ್ಲಿ ನಾಲ್ಕನೇ ನಂಬರಿನ ಆಜಿ ತೀರಿಕೊಂಡರು, ಮೊದಲು ಆಸ್ಪತ್ರೆ ಸೇರಿದ್ದ ಅದೇ ಆಜಿ. ವಿಠೋಬಾ ನಿಮ್ಮ ಕಡೆಯವನೇ ಅಲ್ಲವೇ, ಅವನಿಗೇನು ಇಷ್ಟ ಎಂದು ನನ್ನನ್ನು ಕೇಳುತ್ತಿದ್ದವರು. ಆ ಡಬ್ಬಿಯನ್ನು ಬೇರೆಯವರಿಗೆ ಕೊಡಲು ನನಗೆ ಮನಸ್ಸಾಗಲಿಲ್ಲ, ಕಪಾಟಿನಲ್ಲಿಟ್ಟಿದ್ದೆ. ಹದಿನಾಲ್ಕನೇ ದಿನ ಆಜೋಬಾ ಕೇಳಿದರು: "ಡಬ್ಬಿಗೂ ಸೂತಕವೇ? ಕಾಯುತ್ತಿರುವವರು ಇದ್ದಾರೆ." ಸೋಮವಾರ ಅದು ಇನ್ನೊಬ್ಬರ ಮನೆಗೆ ಹೋಯಿತು.

ಈಗ ಹನ್ನೊಂದು ಜನರಿದ್ದಾರೆ. ವಾರಕ್ಕೆ ಎಪ್ಪತ್ತೇಳು ಡಬ್ಬಿ, ಅರವತ್ತೊಂದು ಮನೆ; ಹದಿನಾರು ಮನೆಯವರು ಎರಡು ದಿನ ಕೊಡುತ್ತಾರೆ. ಇನ್ನೂ ಬೆಳೆಸಿ ಎನ್ನುವವರಿದ್ದಾರೆ. ನನಗೆ ಧೈರ್ಯವಿಲ್ಲ. ದೀಪಾವಳಿ ರಜೆಯಲ್ಲಿ ಅರ್ಧ ಮನೆಗಳಿಗೆ ಬೀಗ ಬಿದ್ದಾಗ ಹನ್ನೊಂದನ್ನು ತುಂಬಿಸುವಷ್ಟರಲ್ಲೇ ನಾನೂ ಹೆಂಡತಿಯೂ ಜಗಳವಾಡಿ ಮುಗಿಸಿರುತ್ತೇವೆ. ಮದುವೆಯ ಊಟವನ್ನು ಪೂರ್ತಿ ಬಿಟ್ಟಿಲ್ಲ. ಕಬ್ಬು ಕಡಿಯಲು ಬಂದವರ ಗುಡಿಸಲುಗಳಿಗೆ ಒಯ್ಯುತ್ತೇವೆ, ಅಲ್ಲಿ ಐವತ್ತು ಜನ ಒಟ್ಟಿಗೆ ಕೂತು ಆಗಿಂದಾಗಲೇ ಉಣ್ಣುತ್ತಾರೆ. ರಾತ್ರಿ ಒಂಬತ್ತರೊಳಗೆ ಫೋನ್ ಬರಬೇಕು, ಪಾತ್ರೆ ಮುಟ್ಟಿದರೆ ಕೈ ಸುಡಬೇಕು. "ಬಿಟ್ಟಿ ಕೊಡುವುದಕ್ಕೂ ನಿಮ್ಮ ಷರತ್ತೇ?" ಎಂದು ಮಂಟಪದವರು ಮುನಿಸಿಕೊಂಡದ್ದುಂಟು. ಮುನಿಸಿಕೊಳ್ಳಲಿ.

ಇದೆಲ್ಲ ಓದಿ ನೀವು ನನ್ನನ್ನು ಒಳ್ಳೆಯ ಮಗ ಎಂದುಕೊಂಡಿದ್ದರೆ ಒಂದು ಮಾತು ಹೇಳಬೇಕು. ನನ್ನ ಅವ್ವ ಗದಗದಲ್ಲಿ ಒಬ್ಬಳೇ ಇದ್ದಾಳೆ. ಅರವತ್ತೊಂಬತ್ತು. "ಅಲ್ಲಿ ಮಾತಾಡಾಕ ಯಾರದಾರ?" ಎಂದು ಇಲ್ಲಿಗೆ ಬರಲೊಲ್ಲಳು. ಹೋದ ಯುಗಾದಿಗೆ ಹೇಳದೆ ಹೋಗಿದ್ದೆ. ಫ್ರಿಜ್ಜಿನಲ್ಲಿ ಒಂದೇ ಪಾತ್ರೆ, ಅದರಲ್ಲಿ ಮೂರು ದಿನದ ಹಿಂದಿನ ಸಾರು. ಪಕ್ಕದ ಮನೆಯವರಿಗೆ ಡಬ್ಬಿ ಕೊಡಲು ಹೇಳುತ್ತೇನೆಂದರೆ, "ನಾ ಏನು ಮುದುಕಿ ಆಗೇನೇನು?" ಎಂದು ಸಿಟ್ಟಾದಳು. ಇಲ್ಲಿ ಹನ್ನೊಂದು ಮನೆಗೆ ಹಚ್ಚಿದ ಬುದ್ಧಿ ಅಲ್ಲಿ ಒಂದು ಮನೆಗೆ ನಾಟಿಲ್ಲ.

ಭಾನುವಾರ ನಾಲ್ಕನೇ ನಂಬರ್ ನಮ್ಮ ಪಾಳಿ. ಹೊಸಬರು, ಹಲ್ಲು ಒಂದೂ ಇಲ್ಲ. ಏನು ಮಾಡಲಿ ಎಂದು ಶನಿವಾರ ರಾತ್ರಿ ಅವ್ವನಿಗೆ ವಿಡಿಯೋ ಕಾಲ್ ಮಾಡಿದೆ. ಜೋಳದ ನುಚ್ಚು ಮಾಡು ಎಂದಳು. ಒಡೆದ ಜೋಳ ರಾತ್ರಿಯೇ ನೆನೆ ಹಾಕು, ನೀರು ಮೂರು ಪಟ್ಟು, ಸಣ್ಣ ಉರಿ, ಮಜ್ಜಿಗಿ ಬ್ಯಾರೆ ಕೊಡು, ಮೊದಲೇ ಕಲಸಬ್ಯಾಡ, ಹುಳಿ ಬರ್ತದ. ಎಲ್ಲ ಬರೆದುಕೊಂಡೆ.

"ನೀ ಏನು ಉಂಡಿ?"

"ನಾನೂ ನುಚ್ಚ."

"ಗಡಿಗಿ ತೋರ್ಸು."

ಅವ್ವ ಎದ್ದಳು. ಸ್ವಲ್ಪ ಹೊತ್ತು ಪರದೆಯ ಮೇಲೆ ತಿರುಗುವ ಫ್ಯಾನು ಕಾಣಿಸಿತು. "ನೆಟ್‌ವರ್ಕ್ ಸರಿ ಇಲ್ಲೋ ತಮ್ಮಾ" ಎಂದು ದೂರದಿಂದ ದನಿ ಸ್ವಚ್ಛವಾಗಿ ಕೇಳಿಸುತ್ತಿತ್ತು.